ಕೆರೆಯ ಏರಿ ಉಬ್ಬಿದಾಗ

ಕಡೂರಿನಿಂದ ಅಜ್ಜಂಪುರಕ್ಕೆ ಹೋಗುವುದು ನನಗೆ ಹೊಸತಲ್ಲ. ತಾಯಿಯ ತವರು ಅಲ್ಲಿಯದು. ಬೀರೂರು ದಾಟಿ ಅಮೃತಮಹಲ್ ಕಾವಲಿನ ಸೀಮೆ ಹತ್ತಿರವಾಯಿತೆಂದರೆ ಸೋದರಮಾವನವರ ಮನೆಯ ಜಗಲಿಯೂ ಅತ್ತೆಯ ಕೈಯ ಕಾಫಿಯೂ ಕಣ್ಣಮುಂದೆ ನಿಲ್ಲುತ್ತವೆ. ಆದರೆ ಕಳೆದ ಬೇಸಗೆಯ ಒಂದು ಭಾನುವಾರ ನಾನು ಅಲ್ಲಿಗೆ ಹೊರಟಾಗ ಮನಸ್ಸು ಕಾಫಿಯ ಕಡೆಗಿರಲಿಲ್ಲ.

ಮಾವನವರಿಗೆ ಈಗ ಎಪ್ಪತ್ತೇಳು. ಮಾಧ್ಯಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿ ನಿವೃತ್ತರಾದವರು. ಮೂತ್ರದ ತೊಂದರೆಯೆಂದು ತರೀಕೆರೆಯಲ್ಲಿರುವ ಮಗಳು ಅವರನ್ನು ಕರೆಸಿಕೊಂಡು ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದ್ದಳು. ಮೂತ್ರದ ವಿಷಯದಲ್ಲಿ ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲ. ಆದರೆ ವರದಿಯ ಕೊನೆಯಲ್ಲಿ ಒಂದು ಸಾಲಿತ್ತು: ಹೊಟ್ಟೆಯೊಳಗಿನ ಮಹಾಪಧಮನಿ ೫.೭ ಸೆಂಟಿಮೀಟರಿನಷ್ಟು ಉಬ್ಬಿದೆ. ರಕ್ತನಾಳದ ಶಸ್ತ್ರವೈದ್ಯರನ್ನು ಕಾಣತಕ್ಕದ್ದು.

ನಾನು ಹೋಗುವ ವೇಳೆಗೆ ನಡುಮನೆಯಲ್ಲಿ ಸಭೆ ಸೇರಿತ್ತು. ಬೆಂಗಳೂರಿನಲ್ಲಿರುವ ಭಾವ ಫೋನಿನಲ್ಲಿ, “ಈಗಿಂದೀಗಲೇ ಕರೆದುಕೊಂಡು ಬನ್ನಿ, ಆಪರೇಷನ್ ಮಾಡಿಸಿಬಿಡೋಣ” ಎನ್ನುತ್ತಿದ್ದರು. ಅತ್ತೆಗೆ ಆ ಮಾತೇ ಸಹಿಸದು. “ಎಂಬತ್ತರ ಹತ್ತಿರ ಬಂದವರ ಹೊಟ್ಟೆ ಕೊಯ್ಸೋದೇನಪ್ಪಾ? ಇರೋವಷ್ಟು ದಿನ ನೆಮ್ಮದಿಯಾಗಿ ಇರಲಿ ಬಿಡಿ” ಎಂದು ಸೆರಗಿನಿಂದ ಕಣ್ಣೊರಸಿಕೊಂಡರು. ಮಗಳದು ಮೂರನೆಯ ಮತ: “ಏನಾದರೂ ಮಾಡಿ, ಆದರೆ ಅಪ್ಪನಿಗೆ ಹೇಳಬೇಡಿ. ಹೆದರಿಕೊಂಡಾರು.”

ಈ ಚರ್ಚೆಯೆಲ್ಲ ಪಿಸುದನಿಯಲ್ಲಿ ನಡೆಯುತ್ತಿದ್ದಾಗ ಮಾವ ಜಗಲಿಯ ಮೇಲೆ ಪತ್ರಿಕೆ ಹಿಡಿದು ಕುಳಿತಿದ್ದರು. ಮೂವತ್ತೈದು ವರ್ಷ ತರಗತಿಯ ಹಿಂಬೆಂಚಿನ ಪಿಸುಮಾತನ್ನು ಕೇಳಿ ಪಳಗಿದ ಕಿವಿ ಅದು ಎಂಬುದನ್ನು ಎಲ್ಲರೂ ಮರೆತಿದ್ದೆವು. ನಾನು ಹೊರಗೆ ಬಂದೊಡನೆ ಕನ್ನಡಕವನ್ನು ಹಣೆಗೇರಿಸಿ ಕೇಳಿದರು: “ಏನಯ್ಯಾ ಮೇಷ್ಟ್ರೇ, ಒಳಗೆ ಎಲ್ಲರೂ ಸೇರಿ ನನ್ನ ಉತ್ತರಪತ್ರಿಕೆ ತಿದ್ದುತ್ತಾ ಇದ್ದೀರಿ. ಪ್ರಶ್ನೆ ಏನು ಅಂತ ಪರೀಕ್ಷೆಗೆ ಕೂತವನಿಗೂ ಒಂದು ಮಾತು ಹೇಳಬಾರದೇ?”

ನಾನು ತಲೆ ತಗ್ಗಿಸಿದೆ. ನಿಜ ಹೇಳಬೇಕೆಂದರೆ, ಪ್ರಶ್ನೆ ಏನೆಂಬುದು ನಮಗೂ ಸರಿಯಾಗಿ ತಿಳಿದಿರಲಿಲ್ಲ. ಮುಂದಿನ ಕೆಲವು ವಾರಗಳಲ್ಲಿ ವೈದ್ಯರ ಬಾಯಿಂದ ಕೇಳಿ, ಪುಸ್ತಕಗಳನ್ನು ಓದಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ. ವಯಸ್ಸಾದವರಿರುವ ಯಾವ ಮನೆಗೂ ಇದು ಬೇಡವಾದ ವಿಷಯವಲ್ಲ.

ಹೃದಯದಿಂದ ಹೊರಟು ಎದೆಯಲ್ಲಿ ಕಮಾನಿನಂತೆ ಬಾಗಿ, ಬೆನ್ನೆಲುಬಿನ ಮುಂದೆಯೇ ಹೊಟ್ಟೆಗಿಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡಾಗಿ ಒಡೆದು ಕಾಲುಗಳಿಗೆ ಸಾಗುವ ದೊಡ್ಡ ರಕ್ತನಾಳವೇ ಮಹಾಪಧಮನಿ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸಾಮಾನ್ಯವಾಗಿ ೨ ಸೆಂಟಿಮೀಟರಿನಷ್ಟು. ಗೋಡೆ ಸಡಿಲವಾಗಿ ಅದು ೩ ಸೆಂಟಿಮೀಟರು ಮುಟ್ಟಿದರೆ ವೈದ್ಯರು ಅನ್ಯೂರಿಸಂ ಎನ್ನುತ್ತಾರೆ. ಅಗಲವಾಗುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಬಂದ ಹೆಸರು ಅದು. ನಾವು ‘ಉಬ್ಬು’ ಎಂದರೆ ಸಾಕು.

ಮದಗದ ಕೆರೆಯ ಹಾಡನ್ನು ಕೇಳಿ ಬೆಳೆದ ಕಡೂರಿನ ಸೀಮೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಕೆರೆಯ ಏರಿ ಒಂದು ಕಡೆ ಸಡಿಲವಾದರೆ ಅಲ್ಲಿ ಹೊರಕ್ಕೆ ಉಬ್ಬುತ್ತದೆ. ನೀರು ಮೊದಲಿನಷ್ಟೇ ಇದ್ದರೂ ಉಬ್ಬಿದ ಜಾಗದ ಮೇಲಿನ ಭಾರ ದಿನೇ ದಿನೇ ಹೆಚ್ಚುತ್ತದೆ. ರಕ್ತನಾಳದಲ್ಲಿಯೂ ಹಾಗೆಯೇ. ಅಗಲ ಹೆಚ್ಚಿದಷ್ಟೂ ಗೋಡೆಯ ಮೇಲಿನ ಸೆಳೆತ ಹೆಚ್ಚುತ್ತದೆ; ಸೆಳೆತ ಹೆಚ್ಚಿದಷ್ಟೂ ಗೋಡೆ ಮತ್ತಷ್ಟು ಸೋಲುತ್ತದೆ. ಇದಕ್ಕೆ ಮೊದಲ ಕಾರಣ ಹೊಗೆಸೊಪ್ಪು. ಮಾವನವರು ಶಾಲೆಯ ಹಿತ್ತಿಲಿನಲ್ಲಿ ಕದ್ದು ಸೇದಿದ ಸಿಗರೇಟುಗಳ ಲೆಕ್ಕ ಈಗ ಹೊರಬಿದ್ದಿತ್ತು. ರಕ್ತದೊತ್ತಡ, ಮುಪ್ಪು, ಮನೆತನದ ದೋಷ ಇವೂ ಸೇರುತ್ತವೆ. ಹೆಂಗಸರಿಗಿಂತ ಗಂಡಸರಲ್ಲಿ ಇದು ಹಲವು ಪಾಲು ಹೆಚ್ಚು.

ಈ ಉಬ್ಬಿನ ಕೇಡೆಂದರೆ ಅದರ ಮೌನ. ನೋವಿಲ್ಲ, ಜ್ವರವಿಲ್ಲ, ಹಸಿವು ಕೆಡುವುದಿಲ್ಲ. ಬೇರಾವುದಕ್ಕೋ ಸ್ಕ್ಯಾನಿಂಗ್ ಮಾಡಿಸಿದಾಗ ಅಕಸ್ಮಾತ್ತಾಗಿ ಕಾಣಿಸುವುದೇ ಹೆಚ್ಚು. ಒಡೆದರೆ ಮಾತ್ರ ಹೊಟ್ಟೆಯಲ್ಲಿಯೋ ಬೆನ್ನಿನಲ್ಲಿಯೋ ಸಿಡಿಲಿನಂಥ ನೋವು, ಬೆವರು, ತಲೆಸುತ್ತು. ಬೆನ್ನಿನ ಉಳುಕೆಂದೋ ಮೂತ್ರಪಿಂಡದ ಕಲ್ಲೆಂದೋ ತಪ್ಪಾಗಿ ತಿಳಿಯುವುದೂ ಉಂಟು. ಒಡೆದವರಲ್ಲಿ ಹತ್ತಕ್ಕೆ ಎಂಟು ಮಂದಿ ಉಳಿಯುವುದಿಲ್ಲ. ಅವರಲ್ಲಿ ಅನೇಕರು ಆಸ್ಪತ್ರೆಯನ್ನೇ ಕಾಣರು. ಅಜ್ಜಂಪುರದಲ್ಲಿ ಮಧ್ಯರಾತ್ರಿ ಅಂಥ ನೋವು ಬಂದರೆ ೧೦೮ರ ವಾಹನ ಬಂದು, ರಸ್ತೆ ಹಿಡಿದು, ಈ ಶಸ್ತ್ರಕ್ರಿಯೆ ಬಲ್ಲ ಆಸ್ಪತ್ರೆ ಸೇರುವುದರೊಳಗೆ ಎಷ್ಟು ಹೊತ್ತಾದೀತು! ಬೆಂಗಳೂರು ಕಡೂರಿನಿಂದಲೇ ಇನ್ನೂರು ಕಿಲೋಮೀಟರಿಗೆ ಮಿಗಿಲು. ಆದಕಾರಣ ನಮ್ಮಂಥ ಊರಿನವರು ಇದನ್ನು ಒಡೆಯುವ ಮುನ್ನವೇ ಯೋಚಿಸಬೇಕು.

ಹಾಗಾದರೆ ಉಬ್ಬು ಕಂಡೊಡನೆ ಶಸ್ತ್ರಕ್ರಿಯೆಯೇ? ಅಲ್ಲ. ಇಂಗ್ಲೆಂಡಿನ ವೈದ್ಯರು ೪ರಿಂದ ೫.೫ ಸೆಂಟಿಮೀಟರಿನೊಳಗಿನ ಉಬ್ಬಿದ್ದ ೧೦೯೦ ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಕೂಡಲೇ ಶಸ್ತ್ರಕ್ರಿಯೆ ನಡೆಸಿ, ಇನ್ನೊಂದನ್ನು ಆಗಾಗ ಅಳೆಯುತ್ತ ಕಾದರು. ೧೯೯೮ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಮೊದಲೇ ಕೊಯ್ದವರು ಹೆಚ್ಚು ಬಾಳಲಿಲ್ಲ. ಅಂದಿನಿಂದ ಗಂಡಸರಿಗೆ ೫.೫, ಹೆಂಗಸರಿಗೆ ೫ ಸೆಂಟಿಮೀಟರು ಎಂಬುದು ಶಸ್ತ್ರಕ್ರಿಯೆಯನ್ನು ಯೋಚಿಸಬೇಕಾದ ಗಡಿಯಾಗಿ ನಿಂತಿದೆ. ಬೇಗ ಬೇಗ ಬೆಳೆಯುತ್ತಿದ್ದರೆ ಅಥವಾ ನೋವು ಕಾಣಿಸಿಕೊಂಡರೆ ಗಡಿಯವರೆಗೂ ಕಾಯುವಂತಿಲ್ಲ. ಉಳಿದಂತೆ ೪.೪ರವರೆಗೆ ವರ್ಷಕ್ಕೊಮ್ಮೆ, ಅದರ ಮೇಲೆ ಮೂರು ತಿಂಗಳಿಗೊಮ್ಮೆ ಅಳೆಯುವುದು ಇಂಗ್ಲೆಂಡಿನ ರೂಢಿ. ಕಾಯುವುದೆಂದರೆ ಸುಮ್ಮನಿರುವುದಲ್ಲ, ಹೊಗೆಸೊಪ್ಪು ಬಿಡುವುದು, ರಕ್ತದೊತ್ತಡವನ್ನು ಹತೋಟಿಯಲ್ಲಿಡುವುದು, ಕೊಬ್ಬಿಗೆ ಮದ್ದು ತೆಗೆದುಕೊಳ್ಳುವುದು ಇವೆಲ್ಲ ಅದರೊಳಗೇ ಸೇರಿದ ಚಿಕಿತ್ಸೆ.

ಇಲ್ಲಿ ನಮ್ಮ ಮನೆಯ ತಪ್ಪನ್ನು ಒಪ್ಪಿಕೊಳ್ಳಲೇಬೇಕು. ಹಳೆಯ ಕಾಗದಗಳನ್ನು ತನ್ನಿರೆಂದು ವೈದ್ಯರು ಹೇಳಿದ್ದರಿಂದ ಅತ್ತೆ ಟ್ರಂಕು ತೆರೆದರು. ಕಂದಾಯದ ರಸೀದಿ, ಪಹಣಿಗಳ ನಡುವೆ ನಾಲ್ಕು ವರ್ಷದ ಹಿಂದೆ ಹರ್ನಿಯಾಕ್ಕೆಂದು ಮಾಡಿಸಿದ್ದ ಸ್ಕ್ಯಾನಿಂಗಿನ ವರದಿ ಮಡಿಕೆ ಕೆಡದಂತೆ ಇತ್ತು. ಅದರಲ್ಲಿಯೂ ಒಂದು ಸಾಲು: ಮಹಾಪಧಮನಿ ೪.೪ ಸೆಂಟಿಮೀಟರು. ಹರ್ನಿಯಾ ವಾಸಿಯಾಯಿತು, ವರದಿ ಟ್ರಂಕು ಸೇರಿತು. ಎರಡನೆಯ ಪುಟವನ್ನು ಯಾರೂ ಓದಿರಲಿಲ್ಲ. ವಿದ್ಯಾರ್ಥಿಗಳಿಗೆ ಹಳಗನ್ನಡ ಕಾವ್ಯದ ಒಂದೊಂದು ಪದವನ್ನೂ ಬಿಡಿಸಿ ಓದಿರೆಂದು ಹೇಳುವ ನಾನೂ ಆಗ ಅದೇ ಮನೆಯಲ್ಲಿ ಕಾಫಿ ಕುಡಿದು ಬಂದವನೇ. ನಾಲ್ಕು ವರ್ಷದ ಎಚ್ಚರಿಕೆ ಹೀಗೆ ಟ್ರಂಕಿನಲ್ಲಿ ಮಲಗಿತ್ತು.

ಇನ್ನು ಶಸ್ತ್ರಕ್ರಿಯೆಯ ಮಾತು. ಅದರಲ್ಲಿ ಎರಡು ದಾರಿ. ಹಳೆಯದು, ಹೊಟ್ಟೆಯನ್ನು ತೆರೆದು ಮಾಡುವಂಥದು. ಉಬ್ಬಿನ ಮೇಲೂ ಕೆಳಗೂ ಚಿಮಟ ಹಾಕಿ ರಕ್ತವನ್ನು ತಡೆದು, ಉಬ್ಬನ್ನು ಸೀಳಿ, ಒಳಗೆ ಬಟ್ಟೆಯ ಕೊಳವೆಯೊಂದನ್ನು ಹೊಲಿದು, ಹಳೆಯ ಗೋಡೆಯನ್ನೇ ಅದರ ಸುತ್ತ ಹೊದಿಸುತ್ತಾರೆ. ೧೯೫೧ರ ಮಾರ್ಚಿನಲ್ಲಿ ಪ್ಯಾರಿಸಿನ ಶಾರ್ಲ್ ದ್ಯುಬೋ ಎಂಬ ವೈದ್ಯರು ಹೊಟ್ಟೆಯ ಉಬ್ಬನ್ನು ತೆಗೆದು ಮೃತದೇಹದಿಂದ ಪಡೆದ ರಕ್ತನಾಳವನ್ನು ಅಲ್ಲಿ ಜೋಡಿಸಿ ಹಾದಿ ತೋರಿಸಿದರು. ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೈಕೇಲ್ ಡಿಬೇಕಿ ಆ ದಶಕದಲ್ಲಿಯೇ ಅಂಗಡಿಯಿಂದ ಡೇಕ್ರಾನ್ ಬಟ್ಟೆ ಕೊಂಡು ತಂದು, ತಾಯಿ ಕಲಿಸಿದ್ದ ಹೊಲಿಗೆಯ ವಿದ್ಯೆಯಿಂದ, ಮನೆಯ ಹೊಲಿಗೆ ಯಂತ್ರದಲ್ಲಿಯೇ ಕೊಳವೆಗಳನ್ನು ಹೊಲಿದರು. ಈ ರಿಪೇರಿ ಒಮ್ಮೆ ಕೂಡಿಬಂದರೆ ಬಹುಕಾಲ ಬಾಳುತ್ತದೆ. ಆದರೆ ಹೃದಯ, ಶ್ವಾಸಕೋಶ, ಮೂತ್ರಪಿಂಡಗಳು ಆ ಕೆಲವು ಗಂಟೆಗಳ ಭಾರವನ್ನು ಹೊರಬೇಕು. ಒಂದು ವಾರಕ್ಕೂ ಮಿಕ್ಕಿ ಆಸ್ಪತ್ರೆವಾಸ, ಮೊದಲಿನ ಚೈತನ್ಯ ಬರಲು ಎರಡು ಮೂರು ತಿಂಗಳು.

ಎರಡನೆಯದು ಹೊಟ್ಟೆಯನ್ನು ತೆರೆಯದ ದಾರಿ. ಅರ್ಜೆಂಟೀನದ ಹ್ವಾನ್ ಪರೋದಿ ಎಂಬ ವೈದ್ಯರು ೧೯೯೦ರಲ್ಲಿ ಇದನ್ನು ಹೊಟ್ಟೆಯ ಉಬ್ಬಿಗೆ ನಡೆಸಿ ತೋರಿಸಿದರು. ತೊಡೆಯ ಸಂದಿನ ರಕ್ತನಾಳದಲ್ಲಿ ಸಣ್ಣ ದ್ವಾರ ಮಾಡಿ, ಮಡಿಸಿದ ಛತ್ರಿಯಂತಿರುವ ಬಟ್ಟೆ ಹೊದೆಸಿದ ಸ್ಟೆಂಟನ್ನು ಮೇಲಕ್ಕೆ ಸಾಗಿಸಿ, ಎಕ್ಸ್‌ರೇ ನೋಡುತ್ತ ಉಬ್ಬಿನ ಜಾಗದಲ್ಲಿ ಬಿಡಿಸುತ್ತಾರೆ. ರಕ್ತ ಆ ಹೊಸ ಕೊಳವೆಯೊಳಗೆ ಹರಿಯುತ್ತದೆ. ಉಬ್ಬಿದ ಗೋಡೆಗೆ ಬಿಡುವು ಸಿಗುತ್ತದೆ. ಏರಿಯನ್ನು ಮುಟ್ಟದೆ ನೀರಿಗೇ ಬೇರೆ ಕಾಲುವೆ ಹಾಕಿದಂತೆ. ಎರಡು ಮೂರು ದಿನದಲ್ಲಿ ಮನೆಗೆ ಬರಬಹುದು.

ಹಾಗಿದ್ದರೆ ಎಲ್ಲರಿಗೂ ಇದನ್ನೇ ಮಾಡಬಾರದೇಕೆ ಎಂದು ಭಾವ ಕೇಳಿದರು. ಯಾರಾದರೂ ಕೇಳುವ ಪ್ರಶ್ನೆಯೇ. ಇಂಗ್ಲೆಂಡಿನಲ್ಲಿ ಅರವತ್ತು ದಾಟಿದ ೧೦೮೨ ಮಂದಿಯಲ್ಲಿ ಎರಡೂ ದಾರಿಗಳನ್ನು ಹೋಲಿಸಿ ನೋಡಿದ್ದಾರೆ. ೨೦೦೪ರಲ್ಲಿ ಪ್ರಕಟವಾದ ಲೆಕ್ಕದಂತೆ, ಮೊದಲ ಮೂವತ್ತು ದಿನಗಳಲ್ಲಿ ತೀರಿಕೊಂಡವರು ಹೊಟ್ಟೆ ತೆರೆದ ಪಂಗಡದಲ್ಲಿ ನೂರಕ್ಕೆ ೪.೭, ಸ್ಟೆಂಟಿನ ಪಂಗಡದಲ್ಲಿ ೧.೭. ಆದರೆ ಹದಿನೈದು ವರ್ಷ ಬೆನ್ನುಹತ್ತಿ ನೋಡಿದಾಗ ಕತೆ ತಿರುಗಿತು. ಮೊದಲಿನ ಲಾಭ ಕೆಲವು ವರ್ಷಗಳಲ್ಲಿ ಕರಗಿ, ಎಂಟು ವರ್ಷ ಕಳೆದ ಮೇಲೆ ಸ್ಟೆಂಟಿನವರಲ್ಲಿಯೇ ಸಾವು ಹೆಚ್ಚು ಕಂಡಿತು. ಕೊಳವೆಯ ಅಂಚಿನಿಂದ ರಕ್ತ ಜಿನುಗಬಹುದು, ಕೊಳವೆ ಜಾರಬಹುದು. ಆದ್ದರಿಂದ ಸ್ಟೆಂಟ್ ಹಾಕಿಸಿಕೊಂಡವರು ಬದುಕಿರುವವರೆಗೂ ಕಾಲಕಾಲಕ್ಕೆ ಸ್ಕ್ಯಾನಿಂಗ್ ಮಾಡಿಸುತ್ತಿರಬೇಕು. ಕೆಲವರಿಗೆ ಮತ್ತೊಮ್ಮೆ ಚಿಕಿತ್ಸೆಯೂ ಬೇಕಾದೀತು. ಇಷ್ಟಲ್ಲದೆ, ಮೂತ್ರಪಿಂಡದ ನಾಳಗಳ ಕೆಳಗೆ ಕೊಳವೆಯನ್ನು ಹಿಡಿದು ನಿಲ್ಲಿಸುವಷ್ಟು ಗಟ್ಟಿಯಾದ ಕುತ್ತಿಗೆಯ ಭಾಗ ಇರಬೇಕು. ಅದಿಲ್ಲದವರಿಗೆ ಕಿಂಡಿ ಬಿಟ್ಟು ಹೊಲಿದ ವಿಶೇಷ ಕೊಳವೆಗಳಿವೆ. ಅವುಗಳ ಬೆಲೆಯೂ ತೊಡಕೂ ಹೆಚ್ಚು.

ಅರುವತ್ತರ ಗಟ್ಟಿ ಆಳಿಗೆ ಮುಂದೆ ಇಪ್ಪತ್ತು ವರ್ಷದ ಬಾಳಿದೆ. ಅವನಿಗೆ ಹೊಟ್ಟೆ ತೆರೆಯುವ ರಿಪೇರಿಯೇ ಲೇಸಾಗಬಹುದು. ಎಂಬತ್ತರ ಹತ್ತಿರದವರಿಗೆ ಮೊದಲ ತಿಂಗಳ ಗಂಡಾಂತರವೇ ದೊಡ್ಡದು. ಅವರಿಗೆ ಸ್ಟೆಂಟು ಒಪ್ಪೀತು. ಹಾಗೆಂದು ಇದು ಎಲ್ಲ ವೃದ್ಧರಿಗೂ ಅನ್ವಯಿಸುವ ಸೂತ್ರವಲ್ಲ. ಅದೇ ಇಂಗ್ಲೆಂಡಿನಲ್ಲಿ, ದೊಡ್ಡ ಶಸ್ತ್ರಕ್ರಿಯೆಯನ್ನು ತಡೆದುಕೊಳ್ಳಲಾರದಷ್ಟು ಬಲಹೀನರಾಗಿದ್ದವರಿಗೂ ಸ್ಟೆಂಟ್ ಹಾಕಿ ನೋಡಿದರು. ಉಬ್ಬು ಒಡೆದು ಸಾಯುವುದು ತಪ್ಪಿದರೂ ಅವರ ಒಟ್ಟು ಆಯುಸ್ಸು ಬೆಳೆಯಲಿಲ್ಲ. ಉಳಿದ ರೋಗಗಳು ತಮ್ಮ ಕೆಲಸ ಮಾಡಿದವು. ಕಡೂರಿನಲ್ಲಿ ನಮ್ಮ ಬೀದಿಯ ಹಿರಿಯರೊಬ್ಬರ ಪಾಡು ಹೀಗೆಯೇ ಇತ್ತು. ಎಂಬತ್ತಾರು ವರ್ಷ, ಸೋತ ಹೃದಯ, ನಾಲ್ಕು ಹೆಜ್ಜೆಗೆ ಉಬ್ಬಸ. ಏನೂ ಮಾಡದಿರುವುದೇ ಸರಿಯೆಂದು ವೈದ್ಯರೂ ಅವರೂ ಕೂಡಿಯೇ ತೀರ್ಮಾನಿಸಿದರು. ಅವರು ಮತ್ತೆರಡು ಯುಗಾದಿಗಳನ್ನು ತಮ್ಮ ಮನೆಯಲ್ಲಿಯೇ ಕಂಡು, ಕಡೆಗೆ ಹೃದಯದ ಕಾಯಿಲೆಯಿಂದ ಹೋದರು. ಚಿಕಿತ್ಸೆ ಮಾಡಿಸಲಿಲ್ಲವೆಂದು ಅವರ ಮಕ್ಕಳು ಕೊರಗಬೇಕಾದ ಕಾರಣವಿಲ್ಲ.

ಬೆಂಗಳೂರಿನ ವೈದ್ಯರು ಮಾವನವರನ್ನು ಮೊದಲು ಕೇಳಿದ್ದು ವಯಸ್ಸನ್ನಲ್ಲ. “ಎಷ್ಟು ಮೆಟ್ಟಿಲು ಒಂದೇ ಉಸಿರಿಗೆ ಹತ್ತುತ್ತೀರಿ?” ಎಂದರು. ಹೃದಯದ ಎಕೋ, ಮೂತ್ರಪಿಂಡದ ಪರೀಕ್ಷೆ, ರಕ್ತನಾಳಗಳ ಸಿ.ಟಿ. ಚಿತ್ರ ಎಲ್ಲ ಆದವು. ಎಲ್ಲವನ್ನೂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದ ಬಳಿಕ, “ನೀವೇನಾದರೂ ಕೇಳುವುದಿದೆಯೇ?” ಎಂದರು. ಭಾವ ಬಾಯಿ ತೆರೆಯುವಷ್ಟರಲ್ಲಿ ಮಾವ ಜೇಬಿನಿಂದ ಚೀಟಿಯೊಂದನ್ನು ತೆಗೆದರು. ಮೇಷ್ಟರ ದುಂಡಗಿನ ಅಕ್ಷರದಲ್ಲಿ ಮೂರು ಪ್ರಶ್ನೆಗಳಿದ್ದವು.

ಏನೂ ಮಾಡದಿದ್ದರೆ ಏನಾದೀತು? ಮಾಡಿಸಿಕೊಂಡರೆ ಮೊದಲಿನಂತೆ ನಾನು ತೋಟಕ್ಕೆ ನಡೆದು ಹೋಗಬಲ್ಲೆನೇ? ನಡುವೆ ಎಡವಟ್ಟಾದರೆ ನನ್ನನ್ನು ಯಂತ್ರಕ್ಕೆ ಕಟ್ಟಿ ಎಷ್ಟು ದಿನ ಇಡುತ್ತೀರಿ?

ಮೂರನೆಯ ಪ್ರಶ್ನೆಗೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ವೈದ್ಯರು ನಿಧಾನವಾಗಿ ಹೇಳಿದರು: “ಮೊದಲೆರಡಕ್ಕೆ ನಾನು ಉತ್ತರ ಹೇಳಬಲ್ಲೆ. ಮೂರನೆಯದನ್ನು ನೀವೇ ಹೇಳಬೇಕು ಸರ್. ಈಗಲೇ, ಮಕ್ಕಳ ಎದುರಿಗೇ ಹೇಳಿ.” ಮಾವ ಹೇಳಿದರು. ಅವರು ಹೇಳಿದ್ದೇನೆಂಬುದು ಆ ಮನೆಯ ಸ್ವಂತ ವಿಷಯ. ಮಗಳು ಅತ್ತಳು, ಭಾವ ಅಪ್ಪನ ಕೈ ಹಿಡಿದುಕೊಂಡರು. ಆ ಬಳಿಕ ನಮ್ಮೆಲ್ಲರ ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತೆಂಬುದನ್ನು ಮಾತ್ರ ಹೇಳಬಲ್ಲೆ.

ಈ ಪ್ರಶ್ನೆಗೆ ಒಂದೇ ಉತ್ತರವಿಲ್ಲವೆಂಬುದಕ್ಕೆ ಲೋಕಪ್ರಸಿದ್ಧರಾದ ಇಬ್ಬರು ವೃದ್ಧರು ಸಾಕ್ಷಿ. ಆಲ್ಬರ್ಟ್ ಐನ್‌ಸ್ಟೈನರ ಹೊಟ್ಟೆಯಲ್ಲಿ ಇಂಥದೇ ಉಬ್ಬಿತ್ತು. ೧೯೪೮ರಲ್ಲಿ ರುಡಾಲ್ಫ್ ನಿಸೆನ್ ಎಂಬ ಶಸ್ತ್ರವೈದ್ಯರು ಅದಕ್ಕೆ ಸೆಲ್ಲೋಫೇನ್ ಹಾಳೆಯನ್ನು ಸುತ್ತಿದರು. ಅದರ ಕಿರಿಕಿರಿಗೆ ಸುತ್ತಲೂ ಗಟ್ಟಿ ಪೊರೆ ಬೆಳೆಯಲಿ ಎಂಬುದು ಅಂದಿನ ಉಪಾಯ. ಆರು ವರ್ಷಕ್ಕೂ ಹೆಚ್ಚು ಕಾಲ ಅದು ತಡೆಯಿತು. ೧೯೫೫ರ ಏಪ್ರಿಲಿನಲ್ಲಿ ಉಬ್ಬು ಒಡೆಯಿತು. ಹೊಸ ಶಸ್ತ್ರಕ್ರಿಯೆಯನ್ನು ಮಾಡಬಹುದೆಂದು ವೈದ್ಯರು ಹೇಳಿದಾಗ ಅವರು ಒಪ್ಪಲಿಲ್ಲ. ತನ್ನ ಪಾಲಿನ ಕೆಲಸ ಮುಗಿದಿದೆ, ಕೃತಕವಾಗಿ ಬಾಳನ್ನು ಎಳೆಯುವುದು ರುಚಿಸದು ಎಂಬುದು ಅವರ ನಿಲುವು. ೧೮ನೆಯ ತಾರೀಖಿನ ಮುಂಜಾನೆ, ಎಪ್ಪತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಬ್ಬರು, ಬಟ್ಟೆಯ ಕೊಳವೆ ಹೊಲಿದ ಡಿಬೇಕಿಯವರೇ. ೨೦೦೫ರ ಕಡೆಯ ದಿನ, ತೊಂಬತ್ತೇಳನೆಯ ವಯಸ್ಸಿನಲ್ಲಿ, ಅವರ ಎದೆಯೊಳಗಿನ ಮಹಾಪಧಮನಿಯ ಗೋಡೆಯೇ ಸೀಳಿತು. ಶಸ್ತ್ರಕ್ರಿಯೆ ಬೇಡವೆಂದು ಅವರೂ ಮೊದಲು ಹೇಳಿದ್ದರು. ೨೦೦೬ರ ಫೆಬ್ರವರಿಯಲ್ಲಿ ಪ್ರಜ್ಞೆ ತಪ್ಪಿದಾಗ ಹೆಂಡತಿ ಪಟ್ಟುಹಿಡಿದರು; ಅರಿವಳಿಕೆ ಕೊಡಲು ಹಿಂಜರಿದ ವೈದ್ಯರೂ ಇದ್ದರು; ಆಸ್ಪತ್ರೆಯ ನೀತಿ ಸಮಿತಿ ಸೇರಿ ಒಪ್ಪಿಗೆ ನೀಡಿತು. ಅವರೇ ರೂಪಿಸಿದ ವಿಧಾನದಿಂದ ಅವರ ಶಿಷ್ಯವರ್ಗ ಅವರನ್ನು ಉಳಿಸಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ನರಳಿ ಎದ್ದ ಮೇಲೆ, ಮಾಡಿದ್ದು ಒಳ್ಳೆಯದೇ ಆಯಿತೆಂದು ಅವರು ಹೇಳಿದರು. ನೂರು ತುಂಬಲು ಎರಡು ತಿಂಗಳಿರುವಾಗ, ೨೦೦೮ರ ಜುಲೈಯಲ್ಲಿ ಕಣ್ಣುಮುಚ್ಚಿದರು. ಐನ್‌ಸ್ಟೈನರ ಮನೆಯವರಿಗೆ ಅವರ ಮನಸ್ಸು ತಿಳಿದಿತ್ತು. ಡಿಬೇಕಿಯವರ ಹಾಸಿಗೆಯ ಸುತ್ತ ನಿಂತವರು ಅವರ ಮನಸ್ಸನ್ನು ಊಹಿಸಬೇಕಾಯಿತು. ಊಹೆ ಸರಿಬಂತು, ಎಲ್ಲರ ಮನೆಯಲ್ಲಿಯೂ ಹಾಗಾಗುವುದೆಂಬ ಭರವಸೆಯಿಲ್ಲ.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಸ್ಟೆಂಟಿನ ದಾರಿಗೆ ಹಲವು ಲಕ್ಷ ರೂಪಾಯಿ ಬೀಳುತ್ತದೆ. ಸರ್ಕಾರದ ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷದವರೆಗೆ, ಉಳಿದವರಿಗೆ ನಿಗದಿತ ದರದ ನೂರಕ್ಕೆ ೩೦ರಷ್ಟು ನೆರವನ್ನು ಗೊತ್ತುಮಾಡಿದ್ದಾರೆ. ತುರ್ತಲ್ಲದ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ. ಆದ್ದರಿಂದ ಬೆಂಗಳೂರಿನ ರೈಲು ಹತ್ತುವ ಮೊದಲೇ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳುವುದು ಜಾಣತನ.

ಮಾವನವರ ರಕ್ತನಾಳದ ಕುತ್ತಿಗೆ ಗಟ್ಟಿಯಾಗಿತ್ತು. ಅವರು ಸ್ಟೆಂಟನ್ನೇ ಆರಿಸಿಕೊಂಡರು. ನಾಲ್ಕನೆಯ ದಿನ ಆಸ್ಪತ್ರೆಯಿಂದ ಬಿಟ್ಟರು. ಮುಂದೇನೆಂಬುದು ಪ್ರತಿ ಸ್ಕ್ಯಾನಿಂಗಿನಲ್ಲಿ ತಿಳಿಯಬೇಕು. ಗಂಡಾಂತರ ಪೂರ್ತಿ ಕಳೆಯಿತೆಂದು ನಾವು ಯಾರೂ ಭಾವಿಸಿಲ್ಲ. ಸ್ಕ್ಯಾನಿಂಗಿನ ದಿನಾಂಕವನ್ನು ಅತ್ತೆ ಅಡಿಗೆಮನೆಯ ಪಂಚಾಂಗದಲ್ಲಿ, ಗೌರಿಹಬ್ಬದ ಮಗ್ಗುಲಿನಲ್ಲಿಯೇ, ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದಾರೆ.

ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ಈ ವಾರ ಬಿಡುವಾದಾಗ ನಿಮ್ಮ ಮನೆಯ ಹಿರಿಯರ ಹಳೆಯ ವರದಿಗಳನ್ನು ಟ್ರಂಕಿನಿಂದ ತೆಗೆದು ಕೊನೆಯ ಸಾಲಿನವರೆಗೂ ಓದಿಸಿಕೊಳ್ಳಿ. ಅರವತ್ತೈದು ದಾಟಿದ, ಹೊಗೆಸೊಪ್ಪಿನ ಚಟವಿದ್ದ ಗಂಡಸರಿದ್ದರೆ ಒಮ್ಮೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವ ವಿಷಯವನ್ನು ವೈದ್ಯರಲ್ಲಿ ಕೇಳಿ. ಎಲ್ಲಕ್ಕಿಂತ ಮೊದಲು, ನಡುಮನೆಯ ಸಭೆಯನ್ನು ಜಗಲಿಗೆ ಬದಲಾಯಿಸಿ.

ಮೊನ್ನೆ ಅಜ್ಜಂಪುರಕ್ಕೆ ಹೋಗಿದ್ದೆ. ಮಾವ ತೋಟದಿಂದ ಆಗ ತಾನೇ ಹಿಂದಿರುಗಿ ಕಾಲು ತೊಳೆಯುತ್ತಿದ್ದರು. “ಹೇಗಿದ್ದೀರಿ ಮಾವ?” ಎಂದೆ. “ಪಾಸಾಗಿದ್ದೀನೋ ಇಲ್ಲವೋ ಇನ್ನೂ ಗೊತ್ತಿಲ್ಲ ಕಣಯ್ಯಾ” ಎಂದರು, ಟವೆಲಿನಿಂದ ಮುಖ ಒರಸಿಕೊಳ್ಳುತ್ತ. “ಆದರೆ ಉತ್ತರ ನಾನೇ ಬರೆದೆ.”